ಜೆನ್ಸನ್ ಇಂಟರ್‌ಸೆಪ್ಟರ್ ಕೊಳ್ಳುವ ಮುಂಚೆ ಅದರ ಹೊಸ್ತಿಲು ತಟ್ಟಿ ನೋಡಿ

ಪ್ರಶ್ನೆ: ನಮಸ್ಕಾರ ಸರ್. ನಾನು ಹಾಸನದವನು. ಒಂಬತ್ತು ವರ್ಷದಿಂದ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೆಲಸದಲ್ಲಿದ್ದೇನೆ. ಇಲ್ಲೇ ಹತ್ತಿರದಲ್ಲಿ 1973ರ ಜೆನ್ಸನ್ ಇಂಟರ್‌ಸೆಪ್ಟರ್ ಮಾರ್ಕ್ 3 ಮಾರಾಟಕ್ಕಿದೆ. 7.2 ಲೀಟರ್ ಎಂಜಿನ್, ಆಟೋಮ್ಯಾಟಿಕ್ ಗೇರ್, ಕಡುನೀಲಿ ಬಣ್ಣ. 61,000 ಮೈಲಿ ಓಡಿದೆಯಂತೆ. ಹೋದ ವರ್ಷ ಹೊಸದಾಗಿ ಪೇಂಟ್ ಮಾಡಿಸಿದ್ದಾರೆ. 42,000 ಪೌಂಡ್ ಕೇಳುತ್ತಿದ್ದಾರೆ. 'ಅಮೆರಿಕದ ಎಂಜಿನ್, ಏನೂ ಕೆಡುವುದಿಲ್ಲ, ಸ್ಪೇರ್ ಪಾರ್ಟ್ಸ್ ಕೂಡ ಅಗ್ಗ' ಅಂತ ಮಾರುವವರು ಹೇಳುತ್ತಾರೆ. ನೋಡಿ ಬಂದ ದಿನದಿಂದ ಆ ಕಾರು ನನ್ನ ಕಣ್ಣಮುಂದಿನಿಂದ ಹೋಗುತ್ತಿಲ್ಲ. ಹೆಂಡತಿಗೆ ಪೆಟ್ರೋಲ್ ಖರ್ಚಿನದೇ ಚಿಂತೆ. ತಗೊಳ್ಳಬಹುದಾ? ಏನೇನು ನೋಡಬೇಕು? ಮುಂದೆ ಊರಿಗೆ ವಾಪಸಾಗುವಾಗ ಬೆಂಗಳೂರಿಗೆ ತರಬಹುದಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎಂಜಿನ್ ವಿಷಯ ಬರೆದಿದ್ದೀರಿ. ಪೇಂಟ್ ವಿಷಯ ಬರೆದಿದ್ದೀರಿ. ಎಷ್ಟು ಮೈಲಿ ಓಡಿದೆ ಅಂತಲೂ ಬರೆದಿದ್ದೀರಿ. ಕಾರಿನ ಅಡಿಭಾಗ ಹೇಗಿದೆ ಅಂತ ಮಾತ್ರ ಒಂದು ಸಾಲೂ ಇಲ್ಲ. ನಾನು ಈ ಕಾರುಗಳ ಕೆಳಗೆ ಮಲಗಿ ಕೆಲಸ ಮಾಡಿದವನು. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಇಂಟರ್‌ಸೆಪ್ಟರ್ ತಗೊಳ್ಳುವಾಗ ನೀವು ದುಡ್ಡು ಕೊಡುವುದು ಅದರ ತಗಡಿಗೆ. ತಗಡು ಗಟ್ಟಿಯಿದ್ದರೆ ಉಳಿದದ್ದನ್ನು ನಿಧಾನವಾಗಿ ಮಾಡಿಸಿಕೊಳ್ಳಬಹುದು. ತಗಡು ಹೋಗಿದ್ದರೆ ಎಂಥ ಒಳ್ಳೆಯ ಎಂಜಿನ್ ಇದ್ದರೂ ಆ ಕಾರು ನಿಮ್ಮನ್ನು ಸಾಲಕ್ಕೆ ನೂಕುತ್ತದೆ.

ಇದು ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಕಾರಿನ ಹುಟ್ಟು ಸ್ವಲ್ಪ ಗೊತ್ತಿರಬೇಕು. ನೀವಿರುವ ಊರಿನಿಂದ ಕೆಲವೇ ಮೈಲಿ ದೂರದ ವೆಸ್ಟ್ ಬ್ರಾಮ್‌ವಿಚ್‌ನಲ್ಲೇ ಇದು ತಯಾರಾದದ್ದು. ಅಲನ್ ಮತ್ತು ರಿಚರ್ಡ್ ಜೆನ್ಸನ್ ಅಂತ ಇಬ್ಬರು ಅಣ್ಣತಮ್ಮಂದಿರು ಕಟ್ಟಿದ ಸಣ್ಣ ಕಂಪನಿ. ಇಂಟರ್‌ಸೆಪ್ಟರ್‌ಗಿಂತ ಮುಂಚೆ ಅವರು ಮಾಡುತ್ತಿದ್ದ 541 ಮತ್ತು ಸಿ-ವಿ8 ಕಾರುಗಳ ಮೈ ಫೈಬರ್‌ಗ್ಲಾಸ್‌ನದು. ಫೈಬರ್‌ಗ್ಲಾಸ್ ಬಿರುಕು ಬಿಡಬಹುದು, ಆದರೆ ತುಕ್ಕು ಹಿಡಿಯುವುದಿಲ್ಲ. ಆದರೆ ಸಿ-ವಿ8ರ ಮುಖ ಜನಕ್ಕೆ ಅಷ್ಟಾಗಿ ಹಿಡಿಸಲಿಲ್ಲ. ಆಗ ಕಂಪನಿಯ ಮುಖ್ಯ ಎಂಜಿನಿಯರ್ ಕೆವಿನ್ ಬೀಟಿ, ಹೊಸ ಕಾರಿನ ರೂಪವನ್ನು ಇಟಲಿಯವರಿಂದ ಮಾಡಿಸೋಣ ಅಂತ ಹಟ ಹಿಡಿದರು. ಮಿಲಾನ್‌ನ ಟೂರಿಂಗ್ ಸಂಸ್ಥೆ ರೂಪ ಬರೆಯಿತು. ಟ್ಯೂರಿನ್‌ನ ವಿನ್ಯಾಲೆ ಕಾರ್ಖಾನೆ ಮೊದಮೊದಲ ಮೈಗಳನ್ನು ಕಟ್ಟಿಕೊಟ್ಟಿತು. ಆಮೇಲೆ ಅಚ್ಚುಗಳನ್ನೆಲ್ಲ ವೆಸ್ಟ್ ಬ್ರಾಮ್‌ವಿಚ್‌ಗೆ ತಂದು ಇಲ್ಲೇ ಕಟ್ಟಲು ಶುರುಮಾಡಿದರು. 1966ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಮೋಟಾರ್ ಶೋನಲ್ಲಿ ಕಾರು ಹೊರಬಂತು.

ಈ ಹೊಸ ಮೈ ಉಕ್ಕಿನದು. ದಪ್ಪ ಪೈಪುಗಳ ಚಾಸಿಸ್, ಅದಕ್ಕೆ ಬೆಸುಗೆ ಹಾಕಿ ಕೂರಿಸಿದ ಉಕ್ಕಿನ ಮೈ. ರೂಪ ಬಂತು, ಅದರ ಜೊತೆಗೇ ತುಕ್ಕೂ ಬಂತು. ಆ ಕಾಲದಲ್ಲಿ ತುಕ್ಕು ತಡೆಯಲು ಮಾಡುತ್ತಿದ್ದದ್ದು ಬಹಳ ಕಡಿಮೆ. ಇಂಗ್ಲೆಂಡಿನಲ್ಲಿ ಚಳಿಗಾಲ ಬಂದರೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಉಪ್ಪುನೀರು ಚಕ್ರದಿಂದ ಎದ್ದು ತಗಡಿನ ಮಡಿಕೆಗಳಲ್ಲಿ ಸೇರಿಕೊಳ್ಳುತ್ತದೆ. ಐವತ್ತು ಚಳಿಗಾಲ ಕಳೆದ ಕಾರು ಇದು. ನಾನು ಶಿವಮೊಗ್ಗದಲ್ಲಿ ಗ್ಯಾರೇಜ್ ಕೆಲಸ ಕಲಿತವನು. ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಬರುತ್ತಿದ್ದ ಅಂಬಾಸಿಡರ್‌ಗಳ ಫ್ಲೋರ್ ಮಳೆಗೆ ಕರಗಿ ಹೋಗಿರುತ್ತಿತ್ತು. ಮಲೆನಾಡಿನ ಮಳೆಗಿಂತ ಕೆಟ್ಟದ್ದು ಇನ್ಯಾವುದೂ ಇಲ್ಲ ಅಂದುಕೊಂಡಿದ್ದೆ. ಇಲ್ಲಿನ ಉಪ್ಪು ನೋಡಿದ ಮೇಲೆ ಆ ಮಾತು ಬಿಟ್ಟೆ.

ಈಗ ಹೊಸ್ತಿಲಿನ ವಿಷಯ. ಬಾಗಿಲ ಕೆಳಗೆ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಉದ್ದಕ್ಕೆ ಹೋಗುವ ತಗಡಿನ ಪೆಟ್ಟಿಗೆ ಇರುತ್ತದಲ್ಲ, ಇಂಗ್ಲಿಷಿನವರು ಸಿಲ್ ಅನ್ನುತ್ತಾರೆ. ಮನೆಗೆ ಹೊಸ್ತಿಲು ಹೇಗೋ ಕಾರಿಗೆ ಇದು ಹಾಗೆ. ಇಂಟರ್‌ಸೆಪ್ಟರ್‌ನಲ್ಲಿ ಈ ಹೊಸ್ತಿಲ ಮೇಲೆ ಹೊಳೆಯುವ ಸ್ಟೇನ್‌ಲೆಸ್ ಸ್ಟೀಲ್ ಹೊದಿಕೆ ಹಾಕಿರುತ್ತಾರೆ. ನೋಡಲು ಬಹಳ ಚೆಂದ. ಸ್ಟೇನ್‌ಲೆಸ್‌ಗೆ ತುಕ್ಕು ಹಿಡಿಯುವುದಿಲ್ಲ. ಹಾಗಾಗಿ ಒಳಗಿನ ಉಕ್ಕು ಪೂರ್ತಿ ತಿಂದುಹೋಗಿದ್ದರೂ ಹೊರಗಿನ ಹೊದಿಕೆ ಮೊದಲ ದಿನದ ಹಾಗೇ ಹೊಳೆಯುತ್ತಿರುತ್ತದೆ. ಇದನ್ನು ತಿಳಿಯದವರು ಎಷ್ಟು ಸಲ ನೋಡಿದರೂ ಮೋಸ ಹೋಗುತ್ತಾರೆ.

ಹನ್ನೆರಡು ವರ್ಷದ ಹಿಂದಿನ ಮಾತು. ಒಬ್ಬರು ಕೆಂಪು ಮಾರ್ಕ್ 3 ಕೊಂಡು, ಬ್ರೇಕ್ ಸ್ವಲ್ಪ ಎಳೆಯುತ್ತಿದೆ ನೋಡಿ ಅಂತ ನಮ್ಮಲ್ಲಿಗೆ ತಂದರು. ಮಾರಿದವರು 'ಪೂರ್ತಿ ರಿಸ್ಟೋರ್ ಆಗಿದೆ' ಅಂತ ಹೇಳಿದ್ದರಂತೆ. ಪೇಂಟ್ ಕನ್ನಡಿಯ ಹಾಗಿತ್ತು. ನಾನು ಲಿಫ್ಟ್ ಮೇಲೆ ಏರಿಸಿ, ಅಭ್ಯಾಸಬಲದಿಂದ ಹೊಸ್ತಿಲನ್ನು ಬೆರಳ ಗೆಣ್ಣಿನಿಂದ ತಟ್ಟಿದೆ. ಮುಂದಿನ ಭಾಗದಲ್ಲಿ ಠಣ್ ಅಂತ ಸದ್ದು ಬಂತು. ಎರಡು ಅಡಿ ಹಿಂದೆ ತಟ್ಟಿದರೆ ಹಲಗೆ ತಟ್ಟಿದ ಹಾಗೆ ಡಬ್ ಅಂತು. ಅವರ ಒಪ್ಪಿಗೆ ಕೇಳಿ ಸ್ಟೇನ್‌ಲೆಸ್ ಹೊದಿಕೆ ಬಿಚ್ಚಿದೆವು. ಒಳಗೆ ತಂತಿಯ ಜಾಲರಿ, ಅದರ ಮೇಲೆ ಹೆಬ್ಬೆರಳು ದಪ್ಪಕ್ಕೆ ಪುಟ್ಟಿ, ಅದರ ಮೇಲೆ ಕಪ್ಪು ಬಣ್ಣ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದಾಗ ಅಂಗೈ ಅಗಲದ ಹಕ್ಕಳೆ ಕಳಚಿ ನೆಲಕ್ಕೆ ಬಿತ್ತು. ಅದರ ಹಿಂದೆ ಇರಬೇಕಾದ ಒಳಗಿನ ತಗಡೂ ಇರಲಿಲ್ಲ. ಬರೀ ಕೆಂಪು ಪುಡಿ. ಆ ಮನುಷ್ಯರು ಕೆಳಗೆ ನಿಂತು ಮೇಲೆ ನೋಡುತ್ತಿದ್ದರು, ಒಂದು ಮಾತೂ ಆಡಲಿಲ್ಲ. ಎರಡೂ ಹೊಸ್ತಿಲು, ಹಿಂದಿನ ಚಕ್ರದ ಕಮಾನುಗಳು, ಡಿಕ್ಕಿಯ ತಳ, ಎಲ್ಲ ಹೊಸದಾಗಿ ಮಾಡಬೇಕಾಯಿತು. ಕೊನೆಗೆ ಬಿಲ್ಲು ಕಾರಿಗೆ ಕೊಟ್ಟ ದುಡ್ಡನ್ನೂ ದಾಟಿತು.

ನಿಮ್ಮ ನೀಲಿ ಕಾರೂ ಹಾಗೇ ಇದೆ ಅಂತ ನಾನು ಹೇಳುತ್ತಿಲ್ಲ. ನೋಡದೆ ಹಾಗೆ ಹೇಳುವುದು ಅನ್ಯಾಯ. ಆದರೆ 'ಹೋದ ವರ್ಷ ಹೊಸ ಪೇಂಟ್' ಅನ್ನುವ ಮಾತು ನನಗೆ ಖುಷಿ ಕೊಡಲಿಲ್ಲ. ಪೇಂಟ್ ಮಾಡಿಸುವಾಗ ಪ್ರತಿ ಹಂತದಲ್ಲೂ ಫೋಟೋ ತೆಗೆದಿದ್ದಾರಾ ಕೇಳಿ. ಹಳೆಯ ಬಣ್ಣ ಕೆರೆದ ಬರಿಯ ತಗಡಿನ ಫೋಟೋ, ಬೆಸುಗೆ ಹಾಕಿದ ಜಾಗದ ಫೋಟೋ, ಕೆಲಸ ಮಾಡಿದವರ ಬಿಲ್ಲು. ಒಳ್ಳೆಯ ಕೆಲಸ ಮಾಡಿಸಿದವರು ಇವನ್ನೆಲ್ಲ ಫೈಲಿನಲ್ಲಿ ಇಟ್ಟುಕೊಂಡಿರುತ್ತಾರೆ, ಕೇಳಿದರೆ ಖುಷಿಯಿಂದ ತೋರಿಸುತ್ತಾರೆ. ಮಾರುವ ಮುಂಚೆ ಸುಮ್ನೆ ಬಣ್ಣ ಬಳಿಸಿದವರ ಹತ್ತಿರ ಒಂದೇ ಒಂದು ಬಿಲ್ಲು ಇರುತ್ತದೆ, ಬಣ್ಣದ್ದು.

ನೋಡಲು ಹೋಗುವಾಗ ಒಂದು ಟಾರ್ಚ್, ಒಂದು ಸಣ್ಣ ಅಯಸ್ಕಾಂತ, ಹಳೇ ಬಟ್ಟೆ ತಗೊಂಡು ಹೋಗಿ. ಅಯಸ್ಕಾಂತವನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿ, ಬಣ್ಣಕ್ಕೆ ಗೀರು ಬೀಳದ ಹಾಗೆ. ಮುಂದಿನ ಚಕ್ರದ ಹಿಂದೆ ಮಡ್ಗಾರ್ಡ್‌ನ ಕೆಳತುದಿ, ಬಾಗಿಲಿನ ಕೆಳ ಅಂಚು, ಹಿಂದಿನ ಚಕ್ರದ ಕಮಾನು, ಇಲ್ಲೆಲ್ಲ ಇಟ್ಟು ನೋಡಿ. ಕಚ್ಚಿಕೊಂಡರೆ ಉಕ್ಕು, ಜಾರಿದರೆ ಪುಟ್ಟಿ. ಹೊಸ್ತಿಲಿನ ಹೊದಿಕೆ ಬಿಚ್ಚಲು ಮಾರುವವರು ಒಪ್ಪುವುದು ಕಷ್ಟ. ಬೇಸರ ಮಾಡಿಕೊಳ್ಳಬೇಡಿ. ನೆಲಕ್ಕೆ ಮಲಗಿ ಕೆಳಗಿನಿಂದ ಟಾರ್ಚ್ ಬಿಡಿ. ಹೊದಿಕೆ ಎಲ್ಲಿ ಮುಗಿಯುತ್ತದೋ ಅಲ್ಲಿ ಹೊಸ್ತಿಲಿನ ಕೆಳ ಅಂಚು ಕಾಣುತ್ತದೆ. ಅದು ನೆಟ್ಟಗೆ, ಒಂದೇ ದಪ್ಪಕ್ಕೆ ಇರಬೇಕು. ಉಬ್ಬಿದ್ದರೆ, ಡಾಂಬರಿನಂಥ ಕಪ್ಪು ಬಳಿದು ಮುಚ್ಚಿದ್ದರೆ, ಅಲ್ಲಿ ಏನೋ ಇದೆ ಅಂತ ತಿಳಿಯಿರಿ.

ಇನ್ನೊಂದು ಪರೀಕ್ಷೆ ಇದೆ. ಇದಕ್ಕೆ ಯಾವ ಸಲಕರಣೆಯೂ ಬೇಡ. ಕಾರು ನೆಲದ ಮೇಲಿದ್ದಾಗ ಬಾಗಿಲು ಮತ್ತು ಮೈ ನಡುವಿನ ಸಂದಿಯನ್ನು ಬೆರಳಿಟ್ಟು ನೋಡಿಕೊಳ್ಳಿ. ಆಮೇಲೆ ಕಾರನ್ನು ಲಿಫ್ಟ್ ಮೇಲೆ ಏರಿಸಿದಾಗ ಅದೇ ಸಂದಿ ಮತ್ತೆ ನೋಡಿ. ಬಾಗಿಲು ತೆಗೆದು ಹಾಕಿ ನೋಡಿ. ಗಟ್ಟಿ ಕಾರಿನಲ್ಲಿ ಸಂದಿ ಅಲುಗುವುದಿಲ್ಲ. ಹೊಸ್ತಿಲು ಹೋಗಿರುವ ಕಾರು ನಡುವೆ ಬಳುಕುತ್ತದೆ. ಬಾಗಿಲು ಉಜ್ಜುತ್ತದೆ, ಚಿಲಕ ಸರಿಯಾಗಿ ಕೂರುವುದಿಲ್ಲ. ಬಾಗಿಲು ಬಳುಕಿದರೆ ನೀವು ಅಲ್ಲಿಂದಲೇ ವಾಪಸ್ ಹೊರಡಬಹುದು. ಎಂಜಿನ್ ಸ್ಟಾರ್ಟ್ ಮಾಡಿಸುವ ತೊಂದರೆಯೂ ಬೇಡ.

ಹಿಂದಿನ ಆಕ್ಸಲ್‌ಗೆ ಲಾರಿಗಿರುವಂಥ ಲೀಫ್ ಸ್ಪ್ರಿಂಗ್ ಇದೆ. ಆ ಸ್ಪ್ರಿಂಗಿನ ಮುಂದಿನ ತುದಿ ಮೈಗೆ ಸೇರುವ ಜಾಗ ಬಹಳ ಮುಖ್ಯ. ಚಕ್ರ ಎರಚುವ ಕೆಸರು ನೇರ ಅಲ್ಲಿಗೇ ಬಡಿಯುತ್ತದೆ, ಇಡೀ ಕಾರಿನ ನೂಕುವ ಶಕ್ತಿಯೂ ಅಲ್ಲೇ ಬೀಳುತ್ತದೆ. ಅಲ್ಲಿ ತೇಪೆ ಮೇಲೆ ತೇಪೆ ಕಂಡರೆ ನನಗೆ ಹೊಸ್ತಿಲಿಗಿಂತಲೂ ಹೆಚ್ಚು ಭಯ.

ಹಿಂದಿನ ಗಾಜಿನ ಬಗ್ಗೆ ಒಂದು ಮಾತು. ಗಾಜಿನ ಬೋಗುಣಿ ಮಗುಚಿಟ್ಟ ಹಾಗೆ ಬಾಗಿರುವ ಆ ದೊಡ್ಡ ಗಾಜೇ ಇಂಟರ್‌ಸೆಪ್ಟರ್‌ನ ಗುರುತು. ಅದೇ ಡಿಕ್ಕಿಯ ಬಾಗಿಲು ಕೂಡ. ಅದರ ಸುತ್ತಲಿನ ರಬ್ಬರ್ ಗಟ್ಟಿಯಾಗಿ ಬಿರಿದಿದ್ದರೆ ಮಳೆನೀರು ಒಳಗೆ ಇಳಿಯುತ್ತದೆ. ಡಿಕ್ಕಿಯ ಕಾರ್ಪೆಟ್ ಎತ್ತಿ ತಳ ಮುಟ್ಟಿ ನೋಡಿ, ಮೂಗಿಗೆ ಮುಗ್ಗಲು ವಾಸನೆ ಬರುತ್ತದಾ ನೋಡಿ. ಗಾಜಿಗೆ ಸಣ್ಣ ಬಿರುಕಿದ್ದರೂ ಹಗುರವಾಗಿ ತಗೊಳ್ಳಬೇಡಿ. ಅದು ಅಂಗಡಿಗೆ ಹೋಗಿ ತರುವ ವಸ್ತು ಅಲ್ಲ.

ಇನ್ನು ಎಂಜಿನ್. ಇಲ್ಲಿ ಮಾರುವವರ ಮಾತಿನಲ್ಲಿ ಸತ್ಯ ಇದೆ. ಜೆನ್ಸನ್ ಅಣ್ಣತಮ್ಮಂದಿರು ದೊಡ್ಡ ಎಂಜಿನ್ ತಾವೇ ಮಾಡುವಷ್ಟು ಶ್ರೀಮಂತರಾಗಿರಲಿಲ್ಲ. ಅಮೆರಿಕದ ಕ್ರೈಸ್ಲರ್ ಕಂಪನಿಯಿಂದ ವಿ8 ಎಂಜಿನ್, ಅದಕ್ಕೆ ಹೊಂದುವ ಟಾರ್ಕ್‌ಫ್ಲೈಟ್ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ತರಿಸಿಕೊಂಡರು. ಮೊದಲು 6.3 ಲೀಟರ್, 1971ರಿಂದ 7.2 ಲೀಟರ್. ಅಲ್ಲಿ ಕೋಟ್ಯಂತರ ಮೈಲಿ ಟ್ಯಾಕ್ಸಿಯಾಗಿ, ಪೊಲೀಸ್ ಗಾಡಿಯಾಗಿ ದುಡಿದ ಜಾತಿಯ ಎಂಜಿನ್ ಇದು. ಸರಿಯಾಗಿ ಎಣ್ಣೆ ಬದಲಿಸಿಕೊಂಡು ಬಂದಿದ್ದರೆ 61,000 ಮೈಲಿ ಇದಕ್ಕೆ ಏನೇನೂ ಅಲ್ಲ. ಪಿಸ್ಟನ್, ಬೇರಿಂಗ್, ವಾಟರ್ ಪಂಪ್, ಗ್ಯಾಸ್ಕೆಟ್ ಎಲ್ಲ ಇವತ್ತಿಗೂ ಅಮೆರಿಕದಿಂದ ಬರುತ್ತವೆ, ಬೆಲೆಯೂ ಹೊರೆಯಾಗುವುದಿಲ್ಲ. ಒಂದೂಮುಕ್ಕಾಲು ಟನ್ ತೂಗುವ ಕಾರು ಗಂಟೆಗೆ 130 ಮೈಲಿ ದಾಟಿ ಓಡುತ್ತದೆ, ಅದೂ ಏದುಸಿರು ಬಿಡದೆ. ಬೆಳಿಗ್ಗೆ ಲಂಡನ್ ಬಿಟ್ಟು ಒಂದೇ ದಿನದಲ್ಲಿ ಫ್ರಾನ್ಸಿನ ಉದ್ದಕ್ಕೂ ಹೋಗಿ ಸಂಜೆ ಸಮುದ್ರದ ದಡದಲ್ಲಿ ಇಳಿಯಬೇಕು, ಮೈ ನೋಯಬಾರದು. ಗ್ರ್ಯಾಂಡ್ ಟೂರರ್ ಅಂದರೆ ಅದು. ಆ ಕೆಲಸಕ್ಕೆ ಈ ಎಂಜಿನ್ ಹೇಳಿ ಮಾಡಿಸಿದ್ದು.

ಆದರೆ ಆ ದೊಡ್ಡ ಎಂಜಿನ್ ಬಿಸಿಯೂ ದೊಡ್ಡದೇ. ಬಾನೆಟ್ ಕೆಳಗೆ ಗಾಳಿ ಆಡಲು ಜಾಗ ಕಮ್ಮಿ. ಟ್ರಾಫಿಕ್‌ನಲ್ಲಿ ನಿಂತಾಗ ಕಾವು ಏರುತ್ತದೆ. ಐವತ್ತು ವರ್ಷ ಆ ಕಾವಿನಲ್ಲಿ ಬೆಂದು ವೈರ್‌ಗಳ ಹೊದಿಕೆ ಹಪ್ಪಳದ ಹಾಗೆ ಮುರಿಯುತ್ತದೆ. ಹೋಸ್‌ಗಳು ಗಟ್ಟಿಯಾಗುತ್ತವೆ. ಹಾಗಾಗಿ ಟೆಸ್ಟ್ ಡ್ರೈವ್ ಅಂದರೆ ಎರಡು ಬೀದಿ ಸುತ್ತಿ ಬರುವುದು ಸಾಲದು. ಅರ್ಧ ಗಂಟೆ ಓಡಿಸಿ, ಆಮೇಲೆ ಎಂಜಿನ್ ಚಾಲೂ ಇಟ್ಟೇ ಇಪ್ಪತ್ತು ನಿಮಿಷ ನಿಲ್ಲಿಸಿ. ಟೆಂಪರೇಚರ್ ಮುಳ್ಳು ಏರಿ, ಎಲೆಕ್ಟ್ರಿಕ್ ಫ್ಯಾನ್ ತಿರುಗಲು ಶುರುವಾಗಿ, ಮುಳ್ಳು ಮತ್ತೆ ಇಳಿಯಬೇಕು. ಏರುತ್ತಲೇ ಹೋದರೆ ರೇಡಿಯೇಟರ್ ಕೆಲಸ ಕಾದಿದೆ. ಆಮೇಲೆ ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಮತ್ತೆ ಸೆಲ್ಫ್ ಹೊಡೆಯಿರಿ. ಬಿಸಿ ಎಂಜಿನ್ ಸಲೀಸಾಗಿ ಸ್ಟಾರ್ಟ್ ಆದರೆ ಒಳ್ಳೆಯ ಲಕ್ಷಣ.

ಗೇರ್‌ಬಾಕ್ಸ್ ಎಣ್ಣೆ ನೋಡುವ ಒಂದು ಕ್ರಮ ಇದೆ, ಇದನ್ನು ಬಹಳ ಜನ ತಪ್ಪಾಗಿ ಮಾಡುತ್ತಾರೆ. ಟಾರ್ಕ್‌ಫ್ಲೈಟ್‌ನಲ್ಲಿ ಎಣ್ಣೆ ಬಿಸಿಯಾಗಿರಬೇಕು, ಎಂಜಿನ್ ನಿಧಾನಕ್ಕೆ ಓಡುತ್ತಿರಬೇಕು, ಹ್ಯಾಂಡ್‌ಬ್ರೇಕ್ ಹಾಕಿ ಲಿವರ್ ನ್ಯೂಟ್ರಲ್‌ನಲ್ಲಿ ಇಡಬೇಕು. ಪಾರ್ಕ್‌ನಲ್ಲಿ ಇಟ್ಟು ನೋಡಿದರೆ ಅಳತೆ ಸರಿಯಾಗಿ ಸಿಗುವುದಿಲ್ಲ. ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿ. ಎಣ್ಣೆ ಕೆಂಪಗೆ, ತಿಳಿಯಾಗಿ ಇರಬೇಕು. ಕಂದು ಬಣ್ಣ, ಸೀದ ವಾಸನೆ ಬಂದರೆ ಒಳಗಿನ ಕ್ಲಚ್‌ಗಳು ಸುಟ್ಟಿವೆ. ಇದನ್ನು ಮಾಡಿಸಿಕೊಳ್ಳಬಹುದು, ಬೆಲೆಯಲ್ಲಿ ಇಳಿಸಿಕೊಳ್ಳಿ ಅಷ್ಟೆ.

ಬಿಡಿಭಾಗ ಅಗ್ಗ ಅನ್ನುವ ಮಾತು ಎಂಜಿನ್, ಗೇರ್‌ಬಾಕ್ಸ್‌ಗೆ ಮಾತ್ರ ನಿಜ. ಸ್ಟೀರಿಂಗ್ ರ‍್ಯಾಕ್ ಆಡ್‌ವೆಸ್ಟ್‌ನದು, ಹಿಂದಿನ ಡಿಫರೆನ್ಷಿಯಲ್ ಸಾಲಿಸ್‌ಬರಿಯದು, ಬ್ರೇಕ್ ಗರ್ಲಿಂಗ್‌ನದು, ಎಲ್ಲ ಬ್ರಿಟಿಷ್. ಸಿಗುತ್ತವೆ, ತಜ್ಞರೂ ಇದ್ದಾರೆ, ಬೆಲೆ ಮಾತ್ರ ಬೇರೆ ಲೆಕ್ಕ. ಬಂಪರ್, ಲೈಟಿನ ಸುತ್ತಲಿನ ಚೌಕಟ್ಟು, ಚರ್ಮದ ಸೀಟು, ಬಾಗಿಲಿನ ಒಳಹಿಡಿ, ಇವು ಈ ಕಾರಿಗೆಂದೇ ಮಾಡಿದವು. ಒಟ್ಟು ತಯಾರಾದ ಇಂಟರ್‌ಸೆಪ್ಟರ್‌ಗಳೇ ಸುಮಾರು 6,400. ಹಾಗಾಗಿ ಒಂದೊಂದು ಸಣ್ಣ ಕ್ರೋಮ್ ತುಂಡೂ ಇದೆಯಾ ಅಂತ ಎಣಿಸಿಕೊಳ್ಳಿ. 'ಅದು ಸಿಗುತ್ತೆ ಬಿಡಿ' ಅಂತ ಮಾರುವವರು ಹೇಳಿದರೆ, 'ಸಿಗುವುದಾದರೆ ನೀವೇ ಹಾಕಿಸಿ ಕೊಡಿ' ಅಂತ ನಯವಾಗಿ ಹೇಳಿ.

ಎಸ್‌ಪಿ ಅಂತ ಒಂದು ಮಾದರಿ ಇದೆ, ಎರಡೆರಡು ಬಾಯಿಯ ಮೂರು ಕಾರ್ಬ್ಯುರೇಟರ್‌ನದು, 1971ರಿಂದ 1973ರವರೆಗೆ ಬಂದದ್ದು. ನೀವು ಬರೆದಿರುವುದು ಅದಲ್ಲ, ಸಾಮಾನ್ಯ ಮಾರ್ಕ್ 3. ನನ್ನ ಮನಸ್ಸಿಗೆ ಇದೇ ವಾಸಿ. ಆ ಮೂರು ಕಾರ್ಬ್ಯುರೇಟರ್ ಟ್ಯೂನ್ ಮಾಡಿ ಇಟ್ಟುಕೊಳ್ಳುವುದೇ ಒಂದು ವ್ರತ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಎಫ್‌ಎಫ್ ಮಾತ್ರ ಬೇರೆಯೇ ಸಂಗತಿ, ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಫರ್ಗ್ಯುಸನ್‌ನವರ ಫೋರ್ ವೀಲ್ ಡ್ರೈವ್, ವಿಮಾನಗಳಿಂದ ಬಂದ ಡನ್‌ಲಪ್ ಮ್ಯಾಕ್ಸಾರೆಟ್ ಆಂಟಿ-ಲಾಕ್ ಬ್ರೇಕ್, ಎರಡನ್ನೂ ಒಂದೇ ರಸ್ತೆ ಕಾರಿನಲ್ಲಿ ಕೂರಿಸಿ 1966ರಲ್ಲೇ ಮಾರಾಟಕ್ಕಿಟ್ಟರು. ಇವತ್ತು ಎಲ್ಲ ಕಾರಿನಲ್ಲೂ ಇರುವ ಎಬಿಎಸ್ ಅಂದಿನ ಜನಕ್ಕೆ ಗೊತ್ತೇ ಇರಲಿಲ್ಲ. ತಯಾರಾದದ್ದು 320 ಮಾತ್ರ. ಮುಂದಿನ ಚಕ್ರದ ಹಿಂದೆ ಗಾಳಿಗಂಡಿ ಒಂದಿದ್ದರೆ ಇಂಟರ್‌ಸೆಪ್ಟರ್, ಎರಡಿದ್ದರೆ ಎಫ್‌ಎಫ್. ಎಲ್ಲಾದರೂ ಎರಡು ಗಂಡಿಯದು ಕಂಡರೆ ನಿಂತು ನೋಡಿ. ಅಷ್ಟು ಸಣ್ಣ ಕಾರ್ಖಾನೆ ಅಷ್ಟು ದೊಡ್ಡ ಕೆಲಸ ಮಾಡಿತ್ತು ಅನ್ನುವುದು ನನಗೆ ಇಂದಿಗೂ ಹೆಮ್ಮೆಯ ವಿಷಯ, ನಾನು ಅಲ್ಲಿ ಹುಟ್ಟಿದವನಲ್ಲದಿದ್ದರೂ.

ಆ ಕಾರ್ಖಾನೆ ಉಳಿಯಲಿಲ್ಲ. 1970ರಲ್ಲಿ ಅಮೆರಿಕದ ಕಾರು ವ್ಯಾಪಾರಿ ಶೆಲ್ ಕ್ವಾಲೆ ಕೈಗೆ ಹೋಯಿತು. 1973ರ ತೈಲ ಬಿಕ್ಕಟ್ಟಿನಲ್ಲಿ ಏಳು ಲೀಟರ್ ಎಂಜಿನ್ನಿನ ಕಾರು ಕೇಳುವವರು ಕಮ್ಮಿಯಾದರು. ಹೊಸದಾಗಿ ತಂದ ಜೆನ್ಸನ್-ಹೀಲಿ ಸ್ಪೋರ್ಟ್ಸ್ ಕಾರು ಕೈಹಿಡಿಯಲಿಲ್ಲ. 1976ರಲ್ಲಿ ಬಾಗಿಲು ಹಾಕಿತು. ನಿಮ್ಮ ಕಾರು ಹುಟ್ಟಿದ್ದು ಆ ಕಷ್ಟ ಶುರುವಾದ ವರ್ಷದಲ್ಲೇ.

ಪೆಟ್ರೋಲ್ ಬಗ್ಗೆ ನಿಮ್ಮ ಮನೆಯವರ ಚಿಂತೆ ನ್ಯಾಯವಾದದ್ದು, ಆದರೆ ಲೆಕ್ಕ ಹಾಕಿದರೆ ಅದು ದೊಡ್ಡ ಚಿಂತೆ ಅಲ್ಲ. ಗ್ಯಾಲನ್‌ಗೆ 12 ಮೈಲಿ ಕೊಡುತ್ತದೆ ಅಂದುಕೊಳ್ಳಿ. ನಮ್ಮ ಊರಿನ ಲೆಕ್ಕದಲ್ಲಿ ಲೀಟರಿಗೆ ನಾಲ್ಕು ಕಿಲೋಮೀಟರ್ ಚಿಲ್ಲರೆ. ಕೇಳಲು ಭಯವಾಗುತ್ತದೆ. ಆದರೆ ಇಂಥ ಕಾರನ್ನು ವರ್ಷಕ್ಕೆ 1,000 ಮೈಲಿ ಓಡಿಸಿದರೆ ಅದೇ ಹೆಚ್ಚು. ಅದಕ್ಕೆ ಸುಮಾರು 380 ಲೀಟರ್ ಬೇಕು. ಲೀಟರಿಗೆ ಒಂದೂವರೆ ಪೌಂಡ್ ಹಿಡಿದರೂ 570 ಪೌಂಡ್. ಒಂದು ಹೊಸ್ತಿಲನ್ನು ಸರಿಯಾಗಿ ಮಾಡಿಸಲು ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬೇಕು. ಈ ಲೆಕ್ಕವನ್ನು ಅವರ ಮುಂದೆ ಇಡಿ. ಲಿಫ್ಟ್ ಮೇಲೆ ಕಾರು ನೋಡುವ ದಿನ ಅವರನ್ನೂ ಕರೆದುಕೊಂಡು ಹೋಗಿ. ಮನಸ್ಸು ಕೊಟ್ಟವರ ಕಣ್ಣಿಗೆ ಕಾಣದ್ದು ಪಕ್ಕದಲ್ಲಿ ನಿಂತವರಿಗೆ ಕಾಣುತ್ತದೆ.

ಪಂಪ್‌ನಲ್ಲಿ ಇ10 ಹಾಕಿಸಬೇಡಿ. 2021ರಿಂದ ಬ್ರಿಟನ್ನಿನಲ್ಲಿ ಮಾಮೂಲಿ ಪೆಟ್ರೋಲ್ ಅಂದರೆ ಅದೇ, ನೂರಕ್ಕೆ ಹತ್ತು ಭಾಗದವರೆಗೆ ಎಥೆನಾಲ್ ಇರುತ್ತದೆ. ಅದು ಹಳೆಯ ರಬ್ಬರ್ ಹೋಸ್‌ಗಳನ್ನು ತಿನ್ನುತ್ತದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಏನಾಗುತ್ತದೆ ಅಂತ ನಾನು ಹೇಳಬೇಕಿಲ್ಲ. ಎಥೆನಾಲ್ ಕಮ್ಮಿ ಇರುವ ಇ5 ಸೂಪರ್ ಹಾಕಿಸಿ. ಕಾರು ಯಾವ ಸ್ಥಿತಿಯಲ್ಲಿದ್ದರೂ ಮನೆಗೆ ತಂದ ಮೊದಲ ವಾರವೇ ಪೆಟ್ರೋಲ್ ಹೋಸ್‌ಗಳನ್ನು ಪೂರ್ತಿ ಬದಲಿಸಿ. ಇದರಲ್ಲಿ ನನ್ನದು ಎರಡು ಮಾತಿಲ್ಲ.

ಕಾಗದಪತ್ರ. ನಲವತ್ತು ವರ್ಷ ದಾಟಿದ ಕಾರು ಇಲ್ಲಿ ಹಿಸ್ಟಾರಿಕ್ ವರ್ಗಕ್ಕೆ ಸೇರುತ್ತದೆ. ರಸ್ತೆ ತೆರಿಗೆ ಇಲ್ಲ, ಆದರೆ ಪ್ರತಿ ವರ್ಷ ಸೊನ್ನೆ ದರದಲ್ಲೇ ತೆರಿಗೆ ಮಾಡಿಸಿಕೊಳ್ಳಬೇಕು. ಹೊಗೆ ಹೆಚ್ಚು ಬಿಡುವ ಗಾಡಿಗಳಿಗೆ ಲಂಡನ್ನಿನಲ್ಲಿ ಹಾಕುವ ಯೂಲೆಜ್ ಶುಲ್ಕವೂ ಇಲ್ಲ. ಕಾರು ರಸ್ತೆಗೆ ಯೋಗ್ಯವಾ ಅಂತ ವರ್ಷಕ್ಕೊಮ್ಮೆ ನೋಡುವ ಎಂಒಟಿ ಪರೀಕ್ಷೆಯೂ 2018ರಿಂದ ಕಡ್ಡಾಯವಲ್ಲ, ಕಾರನ್ನು ದೊಡ್ಡದಾಗಿ ಮಾರ್ಪಡಿಸಿಲ್ಲದಿದ್ದರೆ. ಕೇಳಲು ಇದು ಅನುಕೂಲ. ಕೊಳ್ಳುವವರಿಗೆ ಮಾತ್ರ ಇದರಲ್ಲೇ ಅಪಾಯ. 2018ರ ನಂತರ ಯಾರೂ ಆ ಕಾರಿನ ಅಡಿ ನೋಡಿಲ್ಲದೆ ಇರಬಹುದು! ಸರ್ಕಾರದ ಎಂಒಟಿ ಇತಿಹಾಸದ ತಾಣದಲ್ಲಿ ನಂಬರ್ ಪ್ಲೇಟ್ ಹಾಕಿದರೆ 2005ರಿಂದ ಈಚಿನ ಪರೀಕ್ಷೆಗಳ ವಿವರ ಪುಕ್ಕಟೆ ಸಿಗುತ್ತದೆ. ಇವತ್ತು ರಾತ್ರಿಯೇ ನೋಡಿ. ಪಾಸು-ಫೇಲಿಗಿಂತ ಕೆಳಗೆ ಬರೆದ ಸೂಚನೆಗಳನ್ನು ಓದಿ. 'ಹೊಸ್ತಿಲಿಗೆ ತುಕ್ಕು' ಅಂತ ಎರಡು ಮೂರು ವರ್ಷ ಬರೆದಿದ್ದು, ಆಮೇಲೆ ಪರೀಕ್ಷೆಯೇ ನಿಂತಿದ್ದರೆ, ಆ ತುಕ್ಕಿಗೆ ಏನು ಮಾಡಿದಿರಿ ಅಂತ ಕೇಳುವ ಹಕ್ಕು ನಿಮಗಿದೆ. ಅದೇ ಪುಟದಲ್ಲಿ ಪ್ರತಿ ಸಲದ ಮೈಲಿಯೂ ಇರುತ್ತದೆ. 61,000 ನಿಜವೋ ಅಲ್ಲವೋ ಅಂದಾಜು ಸಿಗುತ್ತದೆ.

ವಿ5ಸಿ ಲಾಗ್‌ಬುಕ್, ಅಂದರೆ ಇಲ್ಲಿನ ನೋಂದಣಿ ಪತ್ರದಲ್ಲಿರುವ ಚಾಸಿಸ್ ನಂಬರ್ ಕಾರಿನ ಮೇಲಿರುವುದಕ್ಕೆ ಹೊಂದಬೇಕು. ಒಂದು ಅಂಕಿ ಬೇರೆಯಿದ್ದರೂ ದುಡ್ಡು ಕೊಡಬೇಡಿ. ಜೆನ್ಸನ್ ಓನರ್ಸ್ ಕ್ಲಬ್ ಇದೆ, ಕಾರು ಕೊಳ್ಳುವ ಮುಂಚೆಯೇ ಸದಸ್ಯರಾಗಿ. ಎಷ್ಟೋ ಸಲ ಅಲ್ಲಿನ ಹಿರಿಯರಿಗೆ ಆ ಕಾರು ಇಪ್ಪತ್ತು ವರ್ಷದಿಂದ ಗೊತ್ತಿರುತ್ತದೆ, ಯಾರ ಕೈಯಲ್ಲಿ ಹೇಗಿತ್ತು ಅಂತ ಹೇಳುತ್ತಾರೆ. ಇನ್ಶೂರೆನ್ಸ್ ಮಾಡಿಸುವಾಗ ಕಾರಿನ ಮೌಲ್ಯವನ್ನು ಮೊದಲೇ ಒಪ್ಪಿ ಬರೆಯುವ ಪಾಲಿಸಿಯನ್ನೇ ತಗೊಳ್ಳಿ.

ಬೆಂಗಳೂರಿಗೆ ತರುವ ಆಸೆ. ತರಲು ದಾರಿ ಇಲ್ಲ ಅಂತ ಅಲ್ಲ. ಆದರೆ ಕಸ್ಟಮ್ಸ್ ತೆರಿಗೆ ಕಾರಿನ ಬೆಲೆಯನ್ನೇ ಮೀರುತ್ತದೆ. ನಮ್ಮಲ್ಲಿ 2021ರಲ್ಲಿ ಬಂದ ವಿಂಟೇಜ್ ನಿಯಮದಲ್ಲಿ 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ಕಾರಿಗೆ 'ವಿಎ' ಅಕ್ಷರದ ಬೇರೆ ನಂಬರ್ ಕೊಡುತ್ತಾರೆ. 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಮಾನ್ಯತೆ. ಆದರೆ ಆ ನಂಬರ್‌ನಲ್ಲಿ ದಿನನಿತ್ಯ ಓಡಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿಗೆ ಅಷ್ಟೇ. ಸಿಲ್ಕ್ ಬೋರ್ಡ್ ಜಂಕ್ಷನ್‌ನ ಮೇ ತಿಂಗಳ ಬಿಸಿಲಿನಲ್ಲಿ ಆ 7.2 ಲೀಟರ್ ಎಂಜಿನ್ ನಿಂತುಕೊಂಡಿರುವುದನ್ನು ನೆನೆದರೆ ನನಗೆ ಕಾರಿನ ಮೇಲೆ ಮರುಕ ಬರುತ್ತದೆ. ಇಲ್ಲಿರುವಷ್ಟು ದಿನ ವೇಲ್ಸ್‌ನ ಬೆಟ್ಟಗಳಲ್ಲಿ ಓಡಿಸಿ, ಹೊರಡುವಾಗ ಒಳ್ಳೆಯ ಕೈಗೆ ಕೊಟ್ಟು ಬನ್ನಿ.

ಬೆಲೆಯ ಬಗ್ಗೆ ನನ್ನ ಅಭಿಪ್ರಾಯ ಇದು. ಹೊಸ್ತಿಲು ಗಟ್ಟಿ, ಸ್ಪ್ರಿಂಗ್ ಹಿಡಿದಿರುವ ಜಾಗ ಗಟ್ಟಿ, ಬೆಸುಗೆ ಕೆಲಸಕ್ಕೆ ಫೋಟೋ ಮತ್ತು ಬಿಲ್ಲು ಇದೆ ಅಂದರೆ 42,000 ಪೌಂಡ್ ನ್ಯಾಯವಾದ ಮಾತು, ಸ್ವಲ್ಪ ಚೌಕಾಸಿ ಮಾಡಿ ತಗೊಳ್ಳಿ. ತಗಡು ಗಟ್ಟಿಯಿದ್ದು ಎಂಜಿನ್ ಎಣ್ಣೆ ಸೋರುತ್ತಿದ್ದರೆ, ಎಸಿ ಕೆಲಸ ಮಾಡದಿದ್ದರೆ, ಅಷ್ಟನ್ನು ಇಳಿಸಿಕೊಂಡು ತಗೊಳ್ಳಿ. ತಗಡು ಹೋಗಿದ್ದರೆ ಅರ್ಧ ಬೆಲೆಗೆ ಕೊಟ್ಟರೂ ಬೇಡ. ನಿಮಗೆ ವೆಲ್ಡಿಂಗ್ ಬರುತ್ತದೆ ಅಂತ ಬರೆದಿಲ್ಲ, ಕಾರಿಡಲು ಶೆಡ್ ಇದೆ ಅಂತಲೂ ಬರೆದಿಲ್ಲ.

ಮಾರುವವರಿಗೆ ಫೋನ್ ಮಾಡಿ, 'ಬೆಳಿಗ್ಗೆ ಬರುತ್ತೇನೆ, ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ' ಅಂತ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಡಿ, ತಣ್ಣಗಿರಬೇಕು. ಮಳೆ ಬಂದಿರುವ ದಿನ ಹೋಗಬೇಡಿ, ನೆಂದ ಪೇಂಟ್ ಎಲ್ಲವನ್ನೂ ಚೆಂದ ಕಾಣಿಸುತ್ತದೆ. ಹತ್ತಿರದ ಯಾವುದಾದರೂ ಗ್ಯಾರೇಜ್‌ನಲ್ಲಿ ಅರ್ಧ ಗಂಟೆಗೆ ಲಿಫ್ಟ್ ಬಾಡಿಗೆಗೆ ಕೇಳಿ, ಇಲ್ಲದಿದ್ದರೆ ನಿಮ್ಮ ಖರ್ಚಿನಲ್ಲೇ ಒಂದು ಎಂಒಟಿ ಮಾಡಿಸಿ. 55 ಪೌಂಡ್‌ಗಿಂತ ಹೆಚ್ಚು ತಗೊಳ್ಳುವಂತಿಲ್ಲ. ಅದಕ್ಕೂ ಒಪ್ಪದಿದ್ದರೆ ಕಾರು ಬಿಟ್ಟು ಬನ್ನಿ. ಒಪ್ಪಿದರೆ, ಲಿಫ್ಟ್ ಮೇಲಿರುವಾಗ ಎರಡೂ ಹೊಸ್ತಿಲಿನ ಕೆಳ ಅಂಚು, ಹಿಂದಿನ ಸ್ಪ್ರಿಂಗಿನ ಮುಂದಿನ ತುದಿ ಎರಡೂ ಕಡೆ, ಡಿಕ್ಕಿಯ ತಳ ಕೆಳಗಿನಿಂದ, ಇಷ್ಟು ಫೋಟೋ ತೆಗೆದು ನನಗೆ ಕಳಿಸಿ. ಅವನ್ನು ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಅಡ್ವಾನ್ಸ್ ಕೊಡಬೇಡಿ.